ಬೆನ್ನ ಮೇಲಿನ ಎರಡು ಚುಕ್ಕೆ

ಪುಸ್ತಕಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ನನ್ನ ತಲೆ ಕೆಟ್ಟದ್ದು ಅದಕ್ಕೇ.

ನನ್ನನ್ನು ಕೆಲಸಕ್ಕೆ ಕರೆದವಳ ತಮ್ಮನ ಕೋಣೆಯಲ್ಲಿ ಸ್ಟೂಲು ಹತ್ತಿ, ಕಪಾಟಿನ ಮೇಲಿನ ಸಾಲಿನ ಹಿಂದಕ್ಕೆ ಟಾರ್ಚು ಬಿಟ್ಟಿದ್ದೆ. ಅವನು ಎರಡೂ ಕೈ ಚಾಚಿಕೊಂಡು ಕೆಳಗೆ ನಿಂತಿದ್ದ. ನನ್ನ ವಯಸ್ಸಿನ ಹೆಂಗಸು ಬಿದ್ದರೆ ಹಿಡಿಯಲೆಂದಲ್ಲ, ಪುಸ್ತಕ ಬಿದ್ದರೆ ಹಿಡಿಯಲೆಂದು.

"ಈ ಬಿಳಿ ಪೊಟ್ಟಣಗಳನ್ನ ಮೂಲೆಗೆ ಗುಡ್ಡೆ ಹಾಕಿದ್ದು ನೀವೇನಾ?"

"ತೇವ ಹೀರೋವಾ? ಶೂ ಡಬ್ಬಿಯಲ್ಲಿ ಬರುತ್ತಲ್ಲ, ಅವು?" ಅವನ ಮುಖ ಬದಲಾಯಿತು. "ಇಲ್ಲ ಮೇಡಂ. ಪುಸ್ತಕಗಳ ಹಿಂದುಗಡೆ ಉದ್ದಕ್ಕೂ ಇಟ್ಟಿರ್ತೀನಿ. ಕಾಗದಕ್ಕೆ ತೇವ ಹತ್ತಿದ್ರೆ ಮುಗೀತು."

ಅಂದರೆ ಯಾರೋ ಈ ಸಾಲನ್ನು ಪೂರ್ತಿ ಕೆಳಗಿಳಿಸಿದ್ದಾರೆ. ಒಂದೊಂದನ್ನೂ ಬಿಡಿಸಿ ನೋಡಿದ್ದಾರೆ. ಆಮೇಲೆ ಎಲ್ಲವನ್ನೂ ಮತ್ತೆ ಜೋಡಿಸಿಟ್ಟು ಹೋಗಿದ್ದಾರೆ. ಎಷ್ಟು ಸರಿಯಾಗಿ ಜೋಡಿಸಿದ್ದಾರೆಂದರೆ, ದಿನಾ ಇವುಗಳ ಮುಂದೆಯೇ ಮಲಗಿ ಏಳುವ ಇವನಿಗೂ ಅನುಮಾನ ಬಂದಿರಲಿಲ್ಲ.

ಕಳುವಾದದ್ದು ಪುಸ್ತಕಗಳಲ್ಲ, ಅವುಗಳ ಪಕ್ಕದಲ್ಲಿದ್ದ ಆಲ್ಬಂ. 'ಮಿಂಚುಳ್ಳಿ ಪಡೆ' ಎಂಬ ಜಪಾನಿ ಮಾಂಗಾ ಚಿತ್ರಕಥೆಯ ಕಾರ್ಡುಗಳು ತುಂಬಿದ್ದ ಆಲ್ಬಂ. ಲಿಫ್ಟು ರಿಪೇರಿ ಮಾಡುವ ಈ ತಮ್ಮ, ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾಗ ಅದು ಮಾಯವಾಯಿತು. ಅದೇ ದಿನ ಮಧ್ಯಾಹ್ನ, ಈ ಮನೆಯ ಹೊಸ್ತಿಲನ್ನೇ ತುಳಿಯದಿದ್ದ ಅವನ ಅಪ್ಪ ಬಟ್ಟೆ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿ ಇಳಿದದ್ದನ್ನು ಕೆಳಗಿನ ದರ್ಜಿಯಮ್ಮ ನೋಡಿದ್ದಾಳೆ. ಸಂಜೆ ಅಪ್ಪ ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದರು. ಈಗ ಆಸ್ಪತ್ರೆಯಲ್ಲಿದ್ದಾರೆ. ಮಾತಿಲ್ಲ. ಎಡಗೈ ಒಂದೇ ಆಡುವುದು. ನೋಡುವವರು ಬೇಗ ಬಂದು ನೋಡಿಕೊಂಡು ಹೋಗಲಿ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ತಮ್ಮ ಹೋಗಿಲ್ಲ. ಚಿಕ್ಕಂದಿನಲ್ಲಿ ನನ್ನ ಕಾರ್ಡುಗಳನ್ನು ಸುಟ್ಟವರು, ಈಗ ಕದ್ದಿದ್ದಾರೆ ಎಂದು ಹಟ ಹಿಡಿದು ಕೂತಿದ್ದಾನೆ.

ಅಪ್ಪ ಕಳ್ಳನಲ್ಲ ಎಂದು ತೋರಿಸಿಕೊಡಿ, ಅವನು ಬಂದು ಒಂದು ಸಲ ಅಪ್ಪನ ಕೈ ಹಿಡಿಯಲಿ ಎಂದು ನನ್ನ ಹತ್ತಿರ ಬಂದವಳು ಅವನ ಅಕ್ಕ. ಇವರಿಬ್ಬರಿಗೂ ಮೇಲೊಬ್ಬ ಅಣ್ಣನಿದ್ದಾನೆ. ನಾನು ವಿಮಾ ಕಂಪನಿಗಾಗಿ ಸುಳ್ಳು ನಷ್ಟಗಳನ್ನು ಬಯಲು ಮಾಡುತ್ತಲೇ ಅರ್ಧ ಆಯುಸ್ಸು ಕಳೆದವಳು. ಜನ ಸುಳ್ಳು ಹೇಳುತ್ತಾರೆ ಎನ್ನುವುದು ನನಗೆ ಹೊಸದಲ್ಲ. ಹಕ್ಕಿ ಚಿತ್ರದ ಕಾರ್ಡಿಗಾಗಿ ಒಂದು ಸಂಸಾರ ಒಡೆಯುತ್ತದೆ ಎನ್ನುವುದು ಹೊಸದಾಗಿತ್ತು, ಮತ್ತು ಮೊದಮೊದಲು ನನಗೆ ಅದನ್ನು ಕೇಳಿ ನಗುವೂ ಬಂದಿತ್ತು.

ಸ್ಟೂಲಿನಿಂದ ಇಳಿದು ಸಾಲನ್ನು ಮತ್ತೊಮ್ಮೆ ನೋಡಿದೆ.

"ಇದೇನಿದು, ಮೊದಲನೇ ಪುಸ್ತಕ ಬಲಗಡೆ ಕೊನೆಯಲ್ಲಿದೆ?"

ಅವನು ಕೈಗಳನ್ನು ಅಂಗಿಗೆ ಒರೆಸಿಕೊಂಡು ಒಂದು ಪುಸ್ತಕ ತೆಗೆದ. ನಾವು ಹಿಂಬದಿ ಎನ್ನುವ ಕಡೆಯಿಂದ ಅದನ್ನು ತೆರೆದ. "ಮಾಂಗಾ ಬಲದಿಂದ ಎಡಕ್ಕೆ ಓದೋದು ಮೇಡಂ. ಪುಸ್ತಕಾನೇ ಹಾಗೆ ಓಡುತ್ತೆ ಅಂದ್ಮೇಲೆ ಸಾಲೂ ಹಾಗೇ ಓಡಬೇಕು ಅಂತ ಅಣ್ಣ ಹೇಳಿದ್ದ. ಆಗಿಂದ ಹಾಗೇ ಇಡೋದು."

"ಎಲ್ಲರೂ ಹೀಗೇ ಇಡ್ತಾರಾ?"

"ಎಲ್ಲಿ ಮೇಡಂ. ಅಂಗಡಿಯವರೂ ಎಡದಿಂದಾನೇ ಇಡ್ತಾರೆ. ಇದು ನಮ್ಮಿಬ್ಬರದೇ ಹುಚ್ಚು."

ಅಣ್ಣನ ಮಾತು ಬಂದಾಗ ಮಾತ್ರ ಅವನ ದನಿ ಮೆತ್ತಗಾಗುತ್ತಿತ್ತು. ಫೀಸು ಕಟ್ಟಿದ್ದು ಅಣ್ಣ, ಕೆಲಸಕ್ಕೆ ಸೇರಿಸಿದ್ದು ಅಣ್ಣ, ಅಪ್ಪನ ಜೊತೆ ಮಾತು ಬಿಟ್ಟಾಗ ಕರೆದು ಊಟ ಹಾಕಿದ್ದು ಅಣ್ಣ. ನಾನು ತಲೆಯಾಡಿಸುತ್ತ ಕೇಳಿಸಿಕೊಂಡೆ.

"ಸುಟ್ಟರಲ್ಲ, ಆ ಹಳೇ ಕಾರ್ಡುಗಳ ಬಗ್ಗೆ ಹೇಳಿ."

"ಚಿಕ್ಕೋರಿದ್ದಾಗ ಇಬ್ಬರೂ ಕೂಡಿಸ್ತಿದ್ವಿ. ಆಡುವಾಗ ಅವನದು ನನ್ನದು ಬೆರೆತು ಜಗಳ ಆಗೋದು. ಅದಕ್ಕೆ ಅಕ್ಕನ ಉಗುರುಬಣ್ಣ ಕದ್ದು ಕಾರ್ಡಿನ ಬೆನ್ನ ಮೇಲೆ ಗುರುತು ಹಾಕಿದ್ವಿ. ಅಣ್ಣನದಕ್ಕೆ ಒಂದು ಚುಕ್ಕೆ, ನನ್ನದಕ್ಕೆ ಎರಡು. ಅಕ್ಕ ಶೀಶೆ ಖಾಲಿ ಆಗಿದ್ದು ನೋಡಿ ಇಬ್ಬರ ಬೆನ್ನಿಗೂ ಗುದ್ದಿದ್ಲು." ಅವನು ನಗಲು ಹೋಗಿ ನಿಲ್ಲಿಸಿದ. "ಅಣ್ಣ ಹೈಸ್ಕೂಲಿಗೆ ಹೋದ್ಮೇಲೆ ಅವನದನ್ನೆಲ್ಲ ಸ್ನೇಹಿತರಿಗೆ ಹಂಚಿಬಿಟ್ಟ. ನಾನು ಇಟ್ಕೊಂಡಿದ್ದೆ. ಒಂದಿನ ಸ್ಕೂಲಿಂದ ಬಂದೆ, ಆಲ್ಬಂ ಇಲ್ಲ. ಅಪ್ಪ ಊಟಕ್ಕೆ ಕೂತಿದ್ರು. ತಲೆ ಎತ್ತದೇ ಹೇಳಿದ್ರು, ಸುಟ್ಟು ಹಾಕಿದೀನಿ, ಹೋಗಿ ಓದ್ಕೋ ಅಂತ. ಅಷ್ಟೇ."

"ಬೂದಿ ನೋಡಿದ್ರಾ?"

"ಏನಂದ್ರಿ?"

"ಸುಟ್ಟ ಬೂದಿ. ನೀವು ನೋಡಿದ್ರಾ?"

ಅವನು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. "ಸುಟ್ಟೆ ಅಂತ ಅವರೇ ಬಾಯಿಬಿಟ್ಟು ಹೇಳಿದ್ಮೇಲೆ ಬೂದಿ ಯಾರು ಹುಡುಕ್ತಾರೆ ಮೇಡಂ?"

ನಾನು ಹುಡುಕುತ್ತೇನೆ. ಗೋದಾಮು ಸುಟ್ಟುಹೋಯಿತು ಎಂದು ಎದೆ ಬಡಿದುಕೊಂಡವರ ಮನೆಗಳಿಗೆ ಹೋಗಿ ಬೂದಿ ಕೆದಕುವುದೇ ನನ್ನ ಹೊಟ್ಟೆಪಾಡಾಗಿತ್ತು.

ಇವನು ದೊಡ್ಡವನಾಗಿ, ಸಂಬಳ ಕೈಗೆ ಬಂದ ಮೇಲೆ, ಒಂದೊಂದೇ ಕಾರ್ಡು ಹುಡುಕಿ ಎಲ್ಲವನ್ನೂ ಮತ್ತೆ ಕೂಡಿಸಿದ್ದ. ಸಿಗದೆ ಉಳಿದಿದ್ದು 'ನೀಲಿ ಮಿಂಚುಳ್ಳಿ' ಮಾತ್ರ. ಅದೂ ಮೊನ್ನೆ ಮೊನ್ನೆ ಸಿಕ್ಕಿತ್ತು, ಅವರ ಹಳೇ ಬೀದಿಯ ಸಲೂನಿನ ಟ್ರಂಕೊಂದರಲ್ಲಿ. ಕಾರ್ಡಂಗಡಿಯವನು ಫೋಟೊ ಕಳಿಸಿದಾಗ ಇವನು ಕುಣಿದಾಡಿ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಸಲೂನಿನ ವಿಷಯವನ್ನೂ ಬರೆದಿದ್ದ.

"ಚಿಕ್ಕಂದಲ್ಲಿ ಅದು ಇಬ್ಬರ ಹತ್ರಾನೂ ಇತ್ತು. ಸಲೂನಿನ ಮಗ ಅಣ್ಣನ ಸ್ನೇಹಿತ. ಅಣ್ಣ ಹಂಚಿದ್ದೇ ತಿರುಗಿ ಬಂತೇನೋ ಅಂದ್ಕೊಂಡೆ. ಅಪ್ಪ ಆ ಗುಂಪಲ್ಲಿ ಇದಾರೆ ಅನ್ನೋದೇ ಮರೆತುಹೋಗಿತ್ತು ನನಗೆ. ಕಾರ್ಡು ಕೈಯಲ್ಲಿ ಹಿಡಿದೂ ನೋಡಲಿಲ್ಲ ಮೇಡಂ. ನಾನು ಊರಲ್ಲಿರಲಿಲ್ಲ, ಹೊರಡೋವಾಗ್ಲೇ ಅಂಗಡಿಯವನ ಹತ್ರ ಬೀಗದ ಕೈ ಕೊಟ್ಟು ಆಲ್ಬಮ್ಮಿಗೆ ಸೇರಿಸಿಡು ಅಂದಿದ್ದೆ. ಬಂದು ನೋಡಿದ್ರೆ ಆಲ್ಬಮ್ಮೇ ಇಲ್ಲ."

"ಮನೆಯ ಬೀಗದ ಕೈ ಇನ್ಯಾರ ಹತ್ರ ಇದೆ?"

"ಅಕ್ಕ ಎಲ್ಲರಿಗೂ ಒಂದೊಂದು ಮಾಡಿಸಿಕೊಟ್ಟಿದಾಳೆ. ಅಪ್ಪನಿಗೂ." ಅವನು ದವಡೆ ಬಿಗಿದ. "ಆ ಚೀಲದಲ್ಲಿ ಏನಿತ್ತು ಅಂತ ಯಾರಾದ್ರೂ ನೋಡಿದೀರಾ? ಹಾಸಿಗೆ ಹಿಡಿದಿದಾರೆ ಅಂತ ಯಾರೂ ಮುಟ್ಟಲ್ಲ."

ಅಲ್ಲಿ ನಾನು ಜಾಣತನ ತೋರಿಸಲು ಹೋದೆ.

"ಹಾಗಾದ್ರೆ ನೀವೇ ಹೋಗಿ ನೋಡಿ. ಚೀಲ, ಅಂಗಿ, ಜೇಬು, ಎಲ್ಲ ತಡಕಾಡಿ. ಏನಾದ್ರೂ ಸಿಕ್ಕಿದ್ರೆ ನಾನು ಈ ಕೇಸು ಬಿಟ್ಟು ಮನೆಗೆ ಹೋಗ್ತೀನಿ. ಸಿಗದಿದ್ರೆ ಅವರ ಪಕ್ಕ ಒಂದರ್ಧ ಗಂಟೆ ಸುಮ್ಮನೆ ಕೂತು ಬನ್ನಿ."

ಅವನು ಹೆಲ್ಮೆಟ್ ಎತ್ತಿಕೊಂಡ. ಕಳ್ಳತನ ಯಾರದೆಂದು ನನಗೆ ಆಗಲೇ ಗೊತ್ತಾಗಿತ್ತಲ್ಲ, ಚೀಲದಲ್ಲಿ ಏನಿರಲು ಸಾಧ್ಯ ಎಂದುಕೊಂಡಿದ್ದೆ. ಹೊರಡುವಾಗ ನಾಲ್ಕೈದು ಪುಸ್ತಕಗಳನ್ನು ಅವನಿಂದ ಕೇಳಿ ಪಡೆದೆ. ಮಗುವನ್ನು ಸುತ್ತುವ ಹಾಗೆ ಟವೆಲಿನಲ್ಲಿ ಸುತ್ತಿ ಕೊಟ್ಟ.

ದಾರಿಯಲ್ಲಿ ಕಾರ್ಡಂಗಡಿಯವನಿಗೆ ಫೋನು ಮಾಡಿದೆ.

"ಅವತ್ತು ಬೆಳಗ್ಗೆ ನಾನೇ ಹೋಗಿ ಮೊದಲನೇ ಪುಟದಲ್ಲಿ ಹಾಕಿ ಬಂದೆ ಮೇಡಂ. ಬೇರೆ ಯಾವುದನ್ನೂ ಮುಟ್ಟಲಿಲ್ಲ."

"ಕಾರ್ಡಿನ ಬೆನ್ನು ನೋಡಿದ್ರಾ?"

"ನೋಡದೇ ಇರ್ತೀನಾ? ಮೂಲೆಯಲ್ಲಿ ಕೆಂಪಗೆ ಏನೋ ಕಲೆ ಇತ್ತು. ಕೆರೆಯೋದು ಬೇಡ ಅಂತ ಕಪ್ಪು ಬೆನ್ನಿನ ಕವರಿಗೆ ಹಾಕಿದೆ, ಕಾಣಬಾರದು ಅಂತ."

"ಒಂದು ಚುಕ್ಕೆನಾ, ಎರಡಾ?"

"ಕಲೆ ಅಂದ್ರೆ ಕಲೆ ಮೇಡಂ. ಎಣಿಸ್ತಾರಾ ಯಾರಾದ್ರೂ?"

ಅಲ್ಲಿಗೆ ಅದರ ಮೇಲೆ ಎಷ್ಟು ಚುಕ್ಕೆ, ಅದು ಯಾರದು ಎಂದು ಹೇಳಬಲ್ಲದ್ದು ಆ ಕಾರ್ಡು ಮಾತ್ರ ಎಂದಾಯಿತು.

ಅಣ್ಣನದು ಕನ್ನಡಕದ ಅಂಗಡಿ. ಗೋಡೆಯ ತುಂಬ ಫ್ರೇಮುಗಳು, ಪ್ರತಿಯೊಂದರ ಕೆಳಗೂ ನಂಬರಿನ ಚೀಟಿ. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ನೀರು ಚಿಮುಕಿಸುತ್ತ ಗುರುಗುಡುತ್ತಿತ್ತು. ಅಣ್ಣ ಅದನ್ನು ಆರಿಸಿ ಬಂದು, ಕೈ ಒರೆಸಿಕೊಂಡು, ನನಗೆ ಕುರ್ಚಿ ಎಳೆದುಕೊಟ್ಟ. ಮೆದು ಮಾತಿನ ಮನುಷ್ಯ. ಬೇರೆ ಸಂದರ್ಭದಲ್ಲಾಗಿದ್ದರೆ ನನಗೆ ಇಷ್ಟವಾಗಿಬಿಡುತ್ತಿದ್ದ.

"ಅಪ್ಪ ಹೇಗಿದಾರೆ ಅಂತ ಬೆಳಗ್ಗೆ ತಂಗಿಗೆ ಫೋನ್ ಮಾಡಿದ್ದೆ. ಹಾಗೇ ಇದಾರಂತೆ," ಎಂದ. "ಏನಾದ್ರೂ ಗೊತ್ತಾಯ್ತಾ ಮೇಡಂ?"

ಟವೆಲು ಬಿಚ್ಚಿ ಪುಸ್ತಕಗಳನ್ನು ಅವನ ಗಾಜಿನ ಮೇಜಿನ ಮೇಲೆ ಹರಡಿದೆ. ನಂಬರುಗಳು ಹಿಂದುಮುಂದಾಗುವ ಹಾಗೆ, ಬೇಕೆಂದೇ.

"ಇವನ್ನ ನೀವು ಓದಿದೀರಾ?"

"ನಾನಾ? ಅಯ್ಯೋ, ಇದೆಲ್ಲ ತಮ್ಮನ ಹುಚ್ಚು. ನನಗೆ ಇದರ ತಲೆ ಯಾವುದು ಬಾಲ ಯಾವುದು ಅಂತಾನೂ ಗೊತ್ತಿಲ್ಲ."

ಅಷ್ಟರಲ್ಲಿ ಒಬ್ಬ ಹಿರಿಯರು ಒಳಗೆ ಬಂದರು, ಕನ್ನಡಕದ ಕಡ್ಡಿ ಕಳಚಿದೆ ಎಂದು. ಅಣ್ಣ ಮೇಜು ಖಾಲಿ ಮಾಡಲು ಪುಸ್ತಕಗಳನ್ನು ಎತ್ತಿ ಹಿಂದಿನ ಗಾಜಿನ ಹಲಗೆಯ ಮೇಲಿಟ್ಟ. ಆಡುತ್ತಿದ್ದ ಮಾತು ನಿಲ್ಲಿಸಲಿಲ್ಲ, ಕೈಯ ಕಡೆ ನೋಡಲೂ ಇಲ್ಲ. ಪುಟ್ಟ ಸ್ಕ್ರೂ ಹಾಕಿ, ಗಾಜು ಒರೆಸಿ, ಹಿರಿಯರ ಮೂಗಿನ ಮೇಲೆ ಕೂರಿಸಿ, ದುಡ್ಡು ಬೇಡ ಎಂದು ಕಳಿಸಿಕೊಟ್ಟ.

"ಹಿಂದೆ ತಿರುಗಿ ನೋಡಿ," ಎಂದೆ.

ತಿರುಗಿದ.

"ಮೊದಲನೇದು ಬಲಗಡೆ ಕೊನೆಗೆ ಹೋಯ್ತು. ಅಲ್ಲಿಂದ ಎಡಕ್ಕೆ ಬಂದಿದೀರಿ."

"ನಂಬರು ನೋಡಿ ಇಟ್ಟೆ ಮೇಡಂ."

"ನಂಬರು ನೋಡಿ ಇಡೋರು ಎಡದಿಂದ ಇಡ್ತಾರೆ. ನಿಮ್ಮ ಗೋಡೆ ಮೇಲಿನ ಫ್ರೇಮುಗಳು ಎಡದಿಂದಾನೇ ಇವೆ. ಆ ಪುಸ್ತಕ ಕಂಡರೆ ಮಾತ್ರ ನಿಮ್ಮ ಕೈ ಉಲ್ಟಾ ಓಡುತ್ತೆ. ತಮ್ಮನ ಮನೆಯಲ್ಲೂ ಹಾಗೇ ಓಡಿತು. ಹೊರಗಿನ ಕಳ್ಳ ಆಗಿದ್ರೆ ಪುಸ್ತಕ ನೆಲಕ್ಕೆ ಬಿಸಾಡಿ ಹೋಗ್ತಿದ್ದ. ನಿಮ್ಮಪ್ಪ ಆಗಿದ್ರೆ ಎಡದಿಂದ ಜೋಡಿಸ್ತಿದ್ರು. ಬಲದಿಂದ ಜೋಡಿಸೋರು ಪ್ರಪಂಚದಲ್ಲಿ ಇಬ್ಬರೇ, ಒಬ್ಬ ಊರಲ್ಲಿರಲಿಲ್ಲ."

ಅಣ್ಣ ಹೋಗಿ ಅಂಗಡಿಯ ಬಾಗಿಲು ಹಾಕಿ, 'ಮುಚ್ಚಿದೆ' ಎನ್ನುವ ಫಲಕ ತಿರುಗಿಸಿ ಬಂದ. ಕೆಳಗಿನ ಡ್ರಾಯರಿನಿಂದ ಗಾಜಿನ ಡಬ್ಬಿಗಳನ್ನು ಸರಿಸಿ ಆಲ್ಬಂ ತೆಗೆದು ನನ್ನ ಮುಂದಿಟ್ಟ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ್ದ.

"ಒಂದೂ ಹಾಳಾಗಿಲ್ಲ," ಎಂದ. ಅದೇನೋ ದೊಡ್ಡ ಉಪಕಾರ ಎನ್ನುವ ಹಾಗೆ.

"ಚಿಕ್ಕಂದಲ್ಲಿ ಆಗಿದ್ದೇನು? ಅಪ್ಪ ಸುಡಲಿಲ್ಲ ಅಲ್ವಾ?"

ಅವನು ಕುರ್ಚಿಯ ಅಂಚಿಗೆ ಕೂತ. "ಸಲೂನಿನ ಮಗನ ಹೊಸ ಸೈಕಲ್ ತಗೊಂಡು ಹೋಗಿ ಮೋರಿಗೆ ಬೀಳಿಸಿ ಮುರಿದು ಹಾಕಿದೆ. ನಿಮ್ಮಪ್ಪನಿಗೆ ಹೇಳ್ತೀನಿ ಅಂದ. ನನ್ನ ಕಾರ್ಡೆಲ್ಲ ಆಗಲೇ ಹಂಚಿ ಆಗಿತ್ತು. ತಮ್ಮನ ಆಲ್ಬಂ ತಗೊಂಡು ಹೋಗಿ ಕೊಟ್ಟು ಬಾಯಿ ಮುಚ್ಚಿಸಿದೆ. ಆದ್ರೂ ಅವನಪ್ಪ ಬಂದು ನಮ್ಮಪ್ಪನಿಗೆ ಹೇಳಿಬಿಟ್ರು. ಅಪ್ಪ ನನ್ನ ಹೊಡೀಲಿಲ್ಲ ಮೇಡಂ. ಹೊಡೆದಿದ್ರೆ ಚೆನ್ನಾಗಿತ್ತು. ಆಲ್ಬಂ ವಾಪಸ್ ಕೇಳೋಕೆ ಹೋದ್ರು. ಆ ಹುಡುಗ ಅಷ್ಟೊತ್ತಿಗೆ ಕಾರ್ಡುಗಳನ್ನ ಬೀದಿ ತುಂಬ ಮಾರಿಬಿಟ್ಟಿದ್ದ."

"ಅದಕ್ಕೆ ಅಪ್ಪ ತಾವೇ ಸುಟ್ಟೆ ಅಂದ್ರು."

"ನಾನು ಬಾಗಿಲ ಹಿಂದೆ ನಿಂತಿದ್ದೆ. ಆಮೇಲೆ ನನ್ನ ಕರೆದು ಹೇಳಿದ್ರು. ಅಪ್ಪನ ಮೇಲಿನ ಸಿಟ್ಟು ದೊಡ್ಡವನಾದ ಹಾಗೆ ಇಳಿದುಹೋಗುತ್ತೆ, ಅಣ್ಣನ ಮೇಲಿನ ಸಿಟ್ಟು ಇಳಿಯಲ್ಲ. ನೀನು ಬಾಯಿ ಬಿಡಬೇಡ ಅಂತ."

"ಇಳೀತಾ?"

ಇಳಿದಿರಲಿಲ್ಲ. ಅಪ್ಪನನ್ನು ಮಾತಾಡಿಸುವುದನ್ನೇ ತಮ್ಮ ಬಿಟ್ಟ, ಬಂದು ಹೋಗುವುದು ಬಿಟ್ಟ, ಕೊನೆಗೆ ಅಪ್ಪ ಎನ್ನುವ ಪದವನ್ನೂ ಅಪರೂಪಕ್ಕೆ ಬಳಸುತ್ತಿದ್ದ. ಆ ಮನುಷ್ಯ ಇಷ್ಟು ವರ್ಷ ಮಾಡದ ತಪ್ಪನ್ನು ಹೊತ್ತುಕೊಂಡು ಒಬ್ಬರೇ ಕೂತು ಉಂಡಿದ್ದಾರೆ. ನನಗೆ ನಿಜವಾಗಿಯೂ ಸಿಟ್ಟು ಬಂತು, ಅಪ್ಪ, ದೊಡ್ಡ ಮಗ ಇಬ್ಬರ ಮೇಲೂ.

"ಹೇಳೋಣ ಹೇಳೋಣ ಅಂತಾನೇ ಇದ್ದೆ," ಎಂದ ಅಣ್ಣ. "ಅವನು ನನ್ನನ್ನ ದೇವರ ಹಾಗೆ ನೋಡ್ತಾನೆ ಮೇಡಂ. ಹೇಗೆ ಹೇಳಲಿ? ಮೊನ್ನೆ ಆ ಫೋಟೊ ಬಂತು. ಸಲೂನಿನ ಟ್ರಂಕು ಅಂತ ಓದಿದೆ. ನನ್ನದಾದ್ರೆ ಒಂದು ಚುಕ್ಕೆ, ಭಯ ಇಲ್ಲ. ಎರಡಿದ್ರೆ? ಅಪ್ಪ ಸುಟ್ಟ ಕಾರ್ಡು ಸಲೂನಿಗೆ ಹೇಗೆ ಹೋಯ್ತು ಅಂತ ಕೇಳ್ತಾನೆ. ಅವನು ಬಂದು ಕವರು ಬಿಚ್ಚಿ ನೋಡೋದರೊಳಗೆ ತೆಗೆದುಬಿಡೋಣ ಅಂತ, ಕೆಳಗಿನ ದರ್ಜಿಯಮ್ಮ ಬಾಗಿಲು ಹಾಕಿದ ಮೇಲೆ ಹೋದೆ."

"ತೆಗೆದ್ರಲ್ಲ. ಎಲ್ಲಿದೆ ಈಗ?"

"ಇಲ್ಲ ಮೇಡಂ, ಆಣೆಗೂ. ನಾನು ಹೋದಾಗ ಮೊದಲನೇ ಖಾನೆ ಖಾಲಿ ಇತ್ತು. ಪುಸ್ತಕದೊಳಗೆ ಇಟ್ಟಿರಬಹುದು ಅಂತ ಎಲ್ಲ ಇಳಿಸಿ ನೋಡಿದೆ. ಸಿಗಲಿಲ್ಲ. ಅದೊಂದೇ ಕಾರ್ಡು ಹೋಗಿದೆ ಅಂದ್ರೆ ಅವನು ಯಾಕೆ ಅಂತ ಯೋಚನೆ ಮಾಡ್ತಾನೆ. ಆಲ್ಬಮ್ಮೇ ಹೋದ್ರೆ ಕಳ್ಳತನ ಅಂದ್ಕೋತಾನೆ. ಅದಕ್ಕೆ ಎತ್ಕೊಂಡು ಬಂದೆ."

ನಾನು ಟವೆಲು ಮಡಚುತ್ತಿದ್ದವಳು ಹಾಗೇ ನಿಂತುಬಿಟ್ಟೆ.

ಬೆಳಗ್ಗೆ ಅಂಗಡಿಯವನು ಕಾರ್ಡು ಇಟ್ಟು ಹೋಗಿದ್ದಾನೆ. ಅಣ್ಣ ಬರುವಷ್ಟರಲ್ಲಿ ಅದು ಇಲ್ಲ. ನಡುವೆ ಮೆಟ್ಟಿಲು ಹತ್ತಿ ಇಳಿದವರು ಒಬ್ಬರೇ. ಅದೇ ವಾಟ್ಸಾಪ್ ಗುಂಪಿನಲ್ಲಿ, ಯಾರೂ ನೆನಪಿಡದ ಹಾಗೆ ಕೂತು, ಸಲೂನಿನ ಮಾತನ್ನು ಅವರೂ ಓದಿದ್ದಾರೆ. ತಾವು ಅವತ್ತು ಸುಡಲಿಲ್ಲ ಎಂದು ತೋರಿಸಬಲ್ಲ ಒಂದೇ ಒಂದು ವಸ್ತುವನ್ನು, ದೊಡ್ಡ ಮಗನ ಮಾನ ಉಳಿಸಲು, ಆ ಮುದುಕಪ್ಪ ತಾವೇ ಕದ್ದು ಜೇಬಿಗೆ ಹಾಕಿಕೊಂಡಿದ್ದಾರೆ.

ಮತ್ತು ಆ ಜೇಬು ತಡಕಾಡಲು ಚಿಕ್ಕ ಮಗನನ್ನು ನಾನೇ ಕಳಿಸಿದ್ದೆ.

ಫೋನು ತೆಗೆಯಲು ಕೈಹಾಕಿದೆ. ಅದೇ ಹೊಡೆದುಕೊಂಡಿತು. ತಮ್ಮ.

"ಸಿಕ್ತು ಮೇಡಂ." ಅವನ ದನಿಯಲ್ಲಿ ಗೆಲುವೂ ಇತ್ತು, ಅಳುವೂ ಇತ್ತು. "ಚೀಲದಲ್ಲಲ್ಲ. ಅವರ ಕನ್ನಡಕದ ಡಬ್ಬಿಯಲ್ಲಿ. ಕಪ್ಪು ಕವರಿನ ಸಮೇತ. ನಾನು ಹೇಳಿರಲಿಲ್ವಾ?"

"ಈಗ ಎಲ್ಲಿದೀರಿ? ಕಾರ್ಡು ಎಲ್ಲಿದೆ?"

"ಮೆಟ್ಟಿಲಿಳೀತಿದೀನಿ. ಕಾರ್ಡು ಅವರ ಹಾಸಿಗೆ ಮೇಲೇ ಬಿಸಾಡಿದೆ. ಇಟ್ಕೊಳ್ಳಲಿ. ಅವರು ಮುಟ್ಟಿದ್ದು ನನಗೆ ಬೇಡ. ಬಾಯಿ ಆಡಿಸಿದ್ರು, ಏನೋ ಹೇಳೋಕೆ. ಕೇಳಿಸ್ಕೊಳ್ಳೋಕೆ ನನಗೆ ಆಗಲಿಲ್ಲ."

"ನಿಲ್ಲಿ ಅಲ್ಲೇ. ಒಂದು ಹೆಜ್ಜೆ ಮುಂದೆ ಇಡಬೇಡಿ. ನಿಮ್ಮಣ್ಣ ಇಲ್ಲೇ ಇದಾರೆ, ಮಾತಾಡ್ತಾರೆ."

ಫೋನನ್ನು ಅಣ್ಣನ ಮುಂದೆ ಹಿಡಿದೆ. ಸ್ಪೀಕರು ಹಾಕಿದ್ದೆ. ಹೇಳು ಎಂದು ಕಣ್ಣಲ್ಲೇ ಹೇಳಿದೆ. ಇಷ್ಟು ವರ್ಷ ಬಾಗಿಲ ಹಿಂದೆ ನಿಂತವನು ಹೊರಗೆ ಬರಲು ಇದಕ್ಕಿಂತ ಸುಲಭದ ಗಳಿಗೆ ಸಿಗುತ್ತಿರಲಿಲ್ಲ.

"ಅಣ್ಣಾ," ಎಂದ ತಮ್ಮ. ಅಷ್ಟು ದೊಡ್ಡ ಆಳು, ಐದನೇ ಕ್ಲಾಸಿನ ದನಿ. "ನೋಡಿದ್ಯಾ ಅಣ್ಣ ಅವರು ಮಾಡಿದ್ದು?"

ಅಣ್ಣ ಫೋನಿನತ್ತ ಬಾಗಿದ. ಆಲ್ಬಮ್ಮಿನ ಮೇಲೆ ಕೈಯಿಟ್ಟ. ನನಗೆ ಆಸೆ ಹುಟ್ಟಿತು.

"ಬಿಡೋ," ಎಂದ ಅವನು. "ಅಪ್ಪ ಯಾವತ್ತೂ ಅಷ್ಟೇ ಅಲ್ವಾ. ತಲೆ ಕೆಡಿಸ್ಕೋಬೇಡ. ಮನೆಗೆ ಹೋಗು, ರಾತ್ರಿ ಊಟಕ್ಕೆ ನಮ್ಮಲ್ಲಿಗೇ ಬಾ."

ನಾನು ಫೋನು ಕಿತ್ತುಕೊಳ್ಳುವಷ್ಟರಲ್ಲಿ ತಮ್ಮ ಸರಿ ಅಣ್ಣ ಎಂದು ಇಟ್ಟುಬಿಟ್ಟಿದ್ದ. ಮತ್ತೆ ಮಾಡಿದೆ, ಎತ್ತಲಿಲ್ಲ. ಮತ್ತೂ ಮಾಡಿದೆ. ಅಣ್ಣ ಕನ್ನಡಕ ತೆಗೆದು ಗಾಜು ಒರೆಸುತ್ತ ಕೂತ. ಇಷ್ಟು ಹೊತ್ತು ಅವನ ಮೇಲೆ ಒಂದಿಷ್ಟು ಕನಿಕರವಿತ್ತು ನನಗೆ. ಅದೂ ಹೋಯಿತು.

"ನಾನು ಹೇಳ್ತೀನಿ ಅವನಿಗೆ," ಎಂದೆ.

"ಹೇಳಿ. ನಂಬಲ್ಲ." ಅವನ ದನಿಯಲ್ಲಿ ಹೆಮ್ಮೆಯಿರಲಿಲ್ಲ, ಬರೀ ಆಯಾಸವಿತ್ತು. "ಪುಸ್ತಕ ಬಲದಿಂದ ಜೋಡಿಸಿದ್ದ ಅಂತ ಹೇಳ್ತೀರಾ? ಆಲ್ಬಂ ಅಪ್ಪನ ಮನೆಯಲ್ಲಿ ಸಿಕ್ತು ಅಂತ ನಾನು ಹೇಳ್ತೀನಿ. ಯಾರ ಮಾತು ಕೇಳ್ತಾನೆ?"

"ಕಾರ್ಡಿನ ಮಾತು ಕೇಳ್ತಾನೆ. ಎರಡು ಚುಕ್ಕೆ ಇದ್ರೆ ಅದು ಅಪ್ಪ ಸುಟ್ಟ ಕಾರ್ಡು. ಸುಟ್ಟ ಕಾರ್ಡು ತಿರುಗಿ ಬರಲ್ಲ."

ಆಗ ಅಕ್ಕನ ಫೋನು ಬಂತು. ಈ ಸಲವೂ ಸ್ಪೀಕರು ಹಾಕಿದೆ. ಅಣ್ಣ ಕೇಳಿಸಿಕೊಳ್ಳಲಿ ಎಂದೇ.

"ಮೇಡಂ, ಇಲ್ಲಿ ಏನೋ ಆಗ್ತಿದೆ." ಅವಳು ಪಿಸುಗುಟ್ಟುತ್ತಿದ್ದಳು. ಹಿಂದೆ ಯಾವುದೋ ಯಂತ್ರ ಬೀಪ್ ಬೀಪ್ ಎನ್ನುತ್ತಿತ್ತು. "ತಮ್ಮ ಕಾರ್ಡು ಬಿಸಾಡಿ ಹೋದ. ಅಪ್ಪ ಅದನ್ನ ಹಲ್ಲಲ್ಲಿ ಕಚ್ಚಿ ಕವರಿಂದ ಹೊರಗೆಳೆದ್ರು. ಎದೆ ಮೇಲೆ ಬೋರಲು ಹಾಕ್ಕೊಂಡು, ಆಡೋ ಕೈ ಒಂದೇ ನೋಡಿ, ಉಗುರಿಂದ ಕೆರೀತಾ ಇದ್ರು. ಬಿಡಿಸೋಕೆ ಹೋದ್ರೆ ಬಿಡಲಿಲ್ಲ. ಉಗುರಲ್ಲೆಲ್ಲ ಕೆಂಪು. ರಕ್ತ ಅಂತ ಹೆದರಿ ನರ್ಸನ್ನ ಕರೆದೆ. ರಕ್ತ ಅಲ್ಲ ಮೇಡಂ. ನನ್ನ ಉಗುರುಬಣ್ಣ. ಹುಡುಗರು ಕದೀತಿದ್ರಲ್ಲ, ಅದು."

"ಪೂರ್ತಿ ಕೆರೆದುಬಿಟ್ರಾ?"

"ಇಲ್ಲ. ಅದೇ ನನಗೆ ಅರ್ಥ ಆಗ್ತಿಲ್ಲ. ಎರಡಿತ್ತು ಮೇಡಂ, ನಾನೇ ನೋಡಿದೆ. ತಮ್ಮಂದು. ಒಂದನ್ನ ಮಾತ್ರ ಕೆರೆದು ತೆಗೆದ್ರು. ಇನ್ನೊಂದರ ಹತ್ರ ಉಗುರು ಹೋದಾಗ ನಿಲ್ಲಿಸಿಬಿಟ್ರು."

ಅಕ್ಕನಿಗೆ ಅರ್ಥವಾಗದ್ದು ನಮ್ಮಿಬ್ಬರಿಗೂ ಅರ್ಥವಾಗಿತ್ತು. ಅಣ್ಣನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಒಂದು ಚುಕ್ಕೆ ಎಂದರೆ ಅಣ್ಣನ ಕಾರ್ಡು. ಅಣ್ಣ ಸ್ನೇಹಿತನಿಗೆ ಹಂಚಿದ್ದ ಕಾರ್ಡು. ಸಲೂನಿನ ಟ್ರಂಕಿನಲ್ಲಿ ಸಿಕ್ಕರೂ ಯಾರೂ ಏನೂ ಕೇಳದ ಕಾರ್ಡು. ಮಾತು ನಿಂತ ಮನುಷ್ಯ, ಉಳಿದ ಒಂದೇ ಕೈಯಲ್ಲಿ, ತಾವೇ ಹೇಳಿದ ಸುಳ್ಳಿಗೆ ಕೊನೆಯ ಮೊಳೆ ಹೊಡೆದು ಮುಗಿಸಿದ್ದರು.

"ಈಗ ಕಾರ್ಡನ್ನ ನನ್ನ ಕೈಗೆ ಕೊಟ್ಟು ಬಾಗಿಲ ಕಡೆ ತೋರಿಸ್ತಿದಾರೆ," ಎಂದಳು ಅಕ್ಕ. "ತಮ್ಮನಿಗೆ ಕೊಡು ಅಂತ. ಕಣ್ಣಲ್ಲಿ ನೀರು ಸುರೀತಿದೆ ಮೇಡಂ, ಆದ್ರೂ ಅದನ್ನೇ ತೋರಿಸ್ತಿದಾರೆ. ನಾನೇನ್ ಮಾಡ್ಲಿ?"

ನಾನು ಬಾಯಿ ತೆರೆದೆ. ಅವಳ ತಂದೆ ಕಳ್ಳನಲ್ಲ ಎಂದು ತೋರಿಸಿಕೊಡುತ್ತೇನೆ ಎಂದು ಅವಳಿಗೆ ಮಾತು ಕೊಟ್ಟವಳು ನಾನು. ಅಣ್ಣ ಎರಡೂ ಕೈ ಜೋಡಿಸಿ ನನ್ನನ್ನೇ ನೋಡುತ್ತಿದ್ದ. ಹೇಳು ಎಂದೋ ಬೇಡ ಎಂದೋ ನನಗೆ ತಿಳಿಯಲಿಲ್ಲ.

"ಬೇಗ ಹೇಳಿ ಮೇಡಂ. ಹೆಲ್ಮೆಟ್ ಇಲ್ಲೇ ಮರೆತು ಹೋಗಿದ್ದ." ಅಕ್ಕನ ದನಿ ಇನ್ನಷ್ಟು ಇಳಿಯಿತು. "ತಮ್ಮ ವಾಪಸ್ ಬರ್ತಿದಾನೆ. ಬಾಗಿಲಲ್ಲಿದಾನೆ."